ಕಾರಿನ ಎಂಜಿನ್ನಿನ ಟಾರ್ಕ್: ಗಾಳಿಯ ತೂಕದ ಲೆಕ್ಕ

ಪ್ರೌಢಶಾಲೆಯಲ್ಲಿ ಬಲ, ಕೆಲಸ, ಸಾಮರ್ಥ್ಯಗಳ ಪಾಠ ನಡೆಯುವಾಗ ವಿದ್ಯಾರ್ಥಿಗಳ ಗಮನ ಸಹಜವಾಗಿಯೇ ವಾಹನಗಳ ಕಡೆಗೆ ಹರಿಯುತ್ತದೆ. ಕಾರುಗಳ ಜಾಹೀರಾತಿನಲ್ಲಿ ಅವರು ಓದಿದ ‘ಟಾರ್ಕ್’, ‘ಟರ್ಬೊ’ ಎಂಬ ಪದಗಳು ಪ್ರಶ್ನೆಗಳಾಗಿ ತರಗತಿಗೆ ಬರುತ್ತವೆ. ಅಂತಹ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ಪರಿಶೀಲಿಸಲಾಗಿದೆ.

ಮಾರುತಿ ಸುಜುಕಿ ಸಂಸ್ಥೆಯು 2023ರಲ್ಲಿ ಮಾರುಕಟ್ಟೆಗೆ ತಂದ ಫ್ರಾಂಕ್ಸ್ ಎಂಬ ಕಾರಿಗೆ ಎರಡು ಬಗೆಯ ಪೆಟ್ರೋಲ್ ಎಂಜಿನ್‌ಗಳನ್ನು ನೀಡಲಾಯಿತು. ಮೊದಲನೆಯದು 1197 ಘನ ಸೆಂಟಿಮೀಟರ್ ಗಾತ್ರದ, ನಾಲ್ಕು ಸಿಲಿಂಡರಿನ ಸಾಧಾರಣ ಎಂಜಿನ್. ಅದರ ಗರಿಷ್ಠ ಟಾರ್ಕ್ 113 ನ್ಯೂಟನ್ ಮೀಟರ್. ಅದು ದೊರೆಯುವುದು ನಿಮಿಷಕ್ಕೆ 4400 ಸುತ್ತುಗಳ ವೇಗದಲ್ಲಿ. ಎರಡನೆಯದು 998 ಘನ ಸೆಂಟಿಮೀಟರ್ ಗಾತ್ರದ, ಮೂರು ಸಿಲಿಂಡರಿನ ಟರ್ಬೊ ಎಂಜಿನ್. ಅದರ ಗರಿಷ್ಠ ಟಾರ್ಕ್ 147.6 ನ್ಯೂಟನ್ ಮೀಟರ್. ಅದು 2000 ಸುತ್ತುಗಳಿಂದ 4500 ಸುತ್ತುಗಳವರೆಗೂ ದೊರೆಯುತ್ತದೆ. ದೊಡ್ಡ ಎಂಜಿನ್ನಿಗೆ ಕಡಿಮೆ ಟಾರ್ಕ್, ಚಿಕ್ಕ ಎಂಜಿನ್ನಿಗೆ ಹೆಚ್ಚು ಟಾರ್ಕ್ ಏಕೆ?

‘ಅದರಲ್ಲಿ ಟರ್ಬೊ ಇದೆ’ ಎಂಬ ಉತ್ತರದಿಂದ ವಿದ್ಯಾರ್ಥಿಗೆ ಒಂದು ಹೆಸರು ಸಿಕ್ಕೀತೇ ಹೊರತು ಕಾರಣ ತಿಳಿಯದು. ಕಾರಣವನ್ನು ಒಂದೇ ವಾಕ್ಯದಲ್ಲಿ ಹೀಗೆ ಹೇಳಬಹುದು: ಎಂಜಿನ್ನಿನ ಟಾರ್ಕ್ ಮುಖ್ಯವಾಗಿ ಒಂದೊಂದು ಆವರ್ತದಲ್ಲಿ ಸಿಲಿಂಡರುಗಳೊಳಗೆ ಸೇರುವ ಗಾಳಿಯ ತೂಕವನ್ನು ಅವಲಂಬಿಸಿದೆ. ಈ ಮಾತನ್ನು ಪ್ರೌಢಶಾಲೆಯ ಗಣಿತದಿಂದಲೇ ಸಾಧಿಸಿ ತೋರಿಸಲು ಸಾಧ್ಯ.

ಟಾರ್ಕ್ ಎಂದರೇನು?

ಒಂದು ವಸ್ತುವನ್ನು ಅಕ್ಷದ ಸುತ್ತ ತಿರುಗಿಸುವ ಪರಿಣಾಮವೇ ಬಲದ ಭ್ರಾಮಕ ಅಥವಾ ಟಾರ್ಕ್. ಬಲವನ್ನು, ಅಕ್ಷದಿಂದ ಆ ಬಲದ ರೇಖೆಗಿರುವ ಲಂಬದೂರದಿಂದ ಗುಣಿಸಿದರೆ ಅದು ದೊರೆಯುತ್ತದೆ. ಬೀಸುವ ಕಲ್ಲಿನ ಗೂಟವನ್ನು ನಡುವಿನಲ್ಲಿ ನೆಡದೆ ಅಂಚಿನ ಬಳಿ ನೆಡುವುದೇಕೆ ಎಂದು ಕೇಳಿದರೆ ವಿದ್ಯಾರ್ಥಿಗಳು ತಾವಾಗಿಯೇ ಉತ್ತರ ಹೇಳುತ್ತಾರೆ. ದೂರ ಹೆಚ್ಚಿದಷ್ಟೂ ಅದೇ ತೋಳಿನ ಬಲಕ್ಕೆ ಕಲ್ಲು ಸುಲಭವಾಗಿ ತಿರುಗುತ್ತದೆ.

ಎಂಜಿನ್ನಿನಲ್ಲಿ ಗೂಟದ ಸ್ಥಾನದಲ್ಲಿರುವುದು ಕ್ರ್ಯಾಂಕ್. ಸಿಲಿಂಡರಿನಲ್ಲಿ ಇಂಧನ ಉರಿದಾಗ ಬಿಸಿ ಅನಿಲದ ಒತ್ತಡ ಏರಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಕನೆಕ್ಟಿಂಗ್ ರಾಡ್ ಆ ಬಲವನ್ನು ಕ್ರ್ಯಾಂಕಿಗೆ ಮುಟ್ಟಿಸುತ್ತದೆ. ಆದರೆ ಈ ತಳ್ಳುವಿಕೆ ಸದಾ ಒಂದೇ ಸಮನಾಗಿರುವುದಿಲ್ಲ. ಪಿಸ್ಟನ್ ತುತ್ತತುದಿಯಲ್ಲಿರುವಾಗ ಒತ್ತಡ ಎಷ್ಟಿದ್ದರೂ ಲಂಬದೂರ ಸೊನ್ನೆಯಾದ್ದರಿಂದ ಟಾರ್ಕ್ ಕೂಡ ಸೊನ್ನೆ. ಅಲ್ಲದೆ ಹೀರುವ, ಸಂಪೀಡನ, ಶಕ್ತಿ ಮತ್ತು ನಿಷ್ಕಾಸ ಎಂಬ ನಾಲ್ಕು ಸ್ಟ್ರೋಕ್‌ಗಳಲ್ಲಿ ದುಡಿಮೆ ನಡೆಯುವುದು ಶಕ್ತಿ ಸ್ಟ್ರೋಕಿನಲ್ಲಿ ಮಾತ್ರ. ಆದುದರಿಂದ ತಯಾರಕರು ಪ್ರಕಟಿಸುವ ಟಾರ್ಕ್ ಒಂದು ಸರಾಸರಿ ಬೆಲೆ. ಆಕ್ಸಲರೇಟರನ್ನು ಪೂರ್ತಿ ಒತ್ತಿದ ಸ್ಥಿತಿಯಲ್ಲಿ, ಬೇರೆ ಬೇರೆ ವೇಗಗಳಲ್ಲಿ ಅಳೆದು, ಅವುಗಳಲ್ಲಿ ಗರಿಷ್ಠವಾದುದನ್ನು ಅವರು ತಿಳಿಸುತ್ತಾರೆ.

ಒಂದು ಆವರ್ತದ ಕೆಲಸ

ನಾಲ್ಕು ಸ್ಟ್ರೋಕ್‌ಗಳ ಒಂದು ಆವರ್ತ ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ಸುತ್ತಬೇಕು. ಎರಡು ಸುತ್ತು ಎಂದರೆ 4π ರೇಡಿಯನ್, ಅಂದರೆ ಸುಮಾರು 12.57. ಟಾರ್ಕನ್ನು ಈ ಕೋನದಿಂದ ಗುಣಿಸಿದರೆ ಒಂದು ಆವರ್ತದಲ್ಲಿ ಎಂಜಿನ್ ಮಾಡುವ ಕೆಲಸ ಜೂಲ್‌ಗಳಲ್ಲಿ ಸಿಗುತ್ತದೆ.

ಸಾಧಾರಣ ಎಂಜಿನ್: 113 × 12.57 = ಸುಮಾರು 1420 ಜೂಲ್.
ಟರ್ಬೊ ಎಂಜಿನ್: 147.6 × 12.57 = ಸುಮಾರು 1855 ಜೂಲ್.

ಇದನ್ನು ಎಂಜಿನ್ನಿನ ಗಾತ್ರದಿಂದ ಭಾಗಿಸಿದರೆ ಮೊದಲನೆಯದು ಪ್ರತಿ ಘನ ಸೆಂಟಿಮೀಟರಿಗೆ 1.19 ಜೂಲ್, ಎರಡನೆಯದು 1.86 ಜೂಲ್ ಕೆಲಸ ಮಾಡುತ್ತದೆಂದು ತಿಳಿಯುತ್ತದೆ. ಪ್ರತಿ ಘನ ಸೆಂಟಿಮೀಟರಿಗೆ ಒಂದು ಜೂಲ್ ಎಂದರೆ 10 ಬಾರ್ ಒತ್ತಡ. ಹಾಗಾಗಿ ಈ ಸಂಖ್ಯೆಗಳನ್ನು 11.9 ಬಾರ್ ಮತ್ತು 18.6 ಬಾರ್ ಎಂದೂ ಬರೆಯಬಹುದು. ಎಂಜಿನಿಯರುಗಳು ಇದನ್ನು ಸರಾಸರಿ ಪರಿಣಾಮಕಾರಿ ಒತ್ತಡ ಎನ್ನುತ್ತಾರೆ. ಭಿನ್ನ ಗಾತ್ರದ ಎಂಜಿನ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಇದು ಸರಿಯಾದ ಅಳತೆ.

ಇಲ್ಲಿ ಒಂದು ಜನಪ್ರಿಯ ತಪ್ಪುಗ್ರಹಿಕೆಯನ್ನು ನಿವಾರಿಸಬೇಕಾಗುತ್ತದೆ. ಸ್ಟ್ರೋಕ್ ಉದ್ದವಾದರೆ ಕ್ರ್ಯಾಂಕಿನ ತೋಳು ಉದ್ದವಾಗುತ್ತದೆ, ಆದ್ದರಿಂದ ಟಾರ್ಕ್ ಹೆಚ್ಚುತ್ತದೆ ಎಂದು ಅನೇಕರು ವಾದಿಸುತ್ತಾರೆ. ಮೇಲಿನ ಎರಡೂ ಎಂಜಿನ್‌ಗಳ ಸಿಲಿಂಡರಿನ ವ್ಯಾಸ 73 ಮಿಲಿಮೀಟರ್. ಸಾಧಾರಣ ಎಂಜಿನ್ನಿನ ಸ್ಟ್ರೋಕ್ 71.5 ಮಿಲಿಮೀಟರ್, ಟರ್ಬೊ ಎಂಜಿನ್ನಿನದು 79.5 ಮಿಲಿಮೀಟರ್. ಟರ್ಬೊ ಎಂಜಿನ್ನಿನ ತೋಳು ಉದ್ದವೆಂಬುದು ನಿಜ. ಆದರೆ ಅದರಲ್ಲಿ ಒಂದು ಸಿಲಿಂಡರ್ ಕಡಿಮೆ ಇದೆ. ಈ ಎರಡೂ ಅಂಶಗಳು ಒಟ್ಟು ಗಾತ್ರದ ಲೆಕ್ಕದಲ್ಲಿ ಆಗಲೇ ಸೇರಿಹೋಗಿವೆ. ಗಾತ್ರವನ್ನು ಬದಲಿಸದೆ ಸ್ಟ್ರೋಕನ್ನು ಎರಡು ಪಟ್ಟು ಮಾಡಿದರೆ ಪಿಸ್ಟನ್ನಿನ ಮೇಲ್ಮೈ ಅರ್ಧವಾಗುತ್ತದೆ, ಅದೇ ಒತ್ತಡಕ್ಕೆ ಬಲವೂ ಅರ್ಧವಾಗುತ್ತದೆ. ತೋಳಿನಿಂದ ಬಂದ ಲಾಭ ಬಲದಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಟಾರ್ಕನ್ನು ನಿರ್ಧರಿಸುವ ಅಂಶಗಳು ಎರಡೇ: ಒಟ್ಟು ಗಾತ್ರ ಮತ್ತು ಸರಾಸರಿ ಒತ್ತಡ.

ವಾತಾವರಣವೇ ತುಂಬುವ ಎಂಜಿನ್

ಸರಾಸರಿ ಒತ್ತಡ ಹುಟ್ಟುವುದು ಉರಿದ ಇಂಧನದಿಂದ. ಇಂಧನ ಉರಿಯಲು ಗಾಳಿ ಬೇಕು. ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಅಗತ್ಯ. ಪೆಟ್ರೋಲನ್ನು ಪಂಪಿನಿಂದ ಎಷ್ಟು ಬೇಕಾದರೂ ಚಿಮ್ಮಿಸಬಹುದು. ಗಾಳಿ ಸಾಲದಿದ್ದರೆ ಹೆಚ್ಚಿನ ಪೆಟ್ರೋಲ್ ಉರಿಯದೆ ಹೊರಹೋಗುತ್ತದೆ. ಆದ್ದರಿಂದ ಪೆಟ್ರೋಲ್ ಎಂಜಿನ್ನಿನ ದುಡಿಮೆಗೆ ಮಿತಿ ಹಾಕುವುದು ಗಾಳಿ.

ಸಾಧಾರಣ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಒತ್ತಡ ತಗ್ಗುತ್ತದೆ, ಹೊರಗಿನ ವಾತಾವರಣದ ಒತ್ತಡ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಮನುಷ್ಯರು ಉಸಿರೆಳೆಯುವುದೂ ಹೀಗೆಯೇ. ಸಮುದ್ರಮಟ್ಟದಲ್ಲಿ, 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.18 ಗ್ರಾಂ. 1197 ಘನ ಸೆಂಟಿಮೀಟರ್ ಪೂರ್ತಿ ತುಂಬಿತೆಂದುಕೊಂಡರೆ ಒಳಸೇರುವ ಗಾಳಿ 1.41 ಗ್ರಾಂ. ಅದರಲ್ಲಿ ಉರಿಯಬಲ್ಲ ಪೆಟ್ರೋಲ್ ಸುಮಾರು 0.096 ಗ್ರಾಂ. ಒಂದು ಗ್ರಾಂ ಪೆಟ್ರೋಲ್ ಸುಮಾರು 43 ಕಿಲೋಜೂಲ್ ಉಷ್ಣ ಕೊಡುತ್ತದೆ. ಹಾಗಾದರೆ ಒಂದು ಆವರ್ತದಲ್ಲಿ ಬಿಡುಗಡೆಯಾಗುವ ಉಷ್ಣ ಸುಮಾರು 4130 ಜೂಲ್. ಇದರಲ್ಲಿ ಕೆಲಸವಾಗಿ ಹೊರಬಂದುದು 1420 ಜೂಲ್, ಎಂದರೆ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಉಳಿದ ಉಷ್ಣ ನಿಷ್ಕಾಸ ಅನಿಲದೊಡನೆ, ರೇಡಿಯೇಟರಿನ ನೀರಿನೊಡನೆ ಮತ್ತು ಘರ್ಷಣೆಯಲ್ಲಿ ಹೋಗುತ್ತದೆ. ಹೀರಿದ ಗಾಳಿಯಿಂದ ಟಾರ್ಕಿನವರೆಗಿನ ಸರಪಳಿ ಈ ಅಂದಾಜಿನಲ್ಲಿ ಪೂರ್ಣವಾಗಿ ಕಾಣಿಸುತ್ತದೆ.

ಸಂಪೀಡನ ಅನುಪಾತ ಹೆಚ್ಚಿಸಿದರೆ, ಕಿಡಿ ಹಾರಿಸುವ ಕ್ಷಣವನ್ನು ಸರಿಯಾಗಿ ಹೊಂದಿಸಿದರೆ, ಘರ್ಷಣೆ ತಗ್ಗಿಸಿದರೆ ಆ ಮೂರನೆಯ ಒಂದು ಭಾಗ ಸ್ವಲ್ಪ ಹಿಗ್ಗೀತು. ಆದರೆ ವಾತಾವರಣ ತುಂಬುವ ಗಾಳಿಗೇ ಮಿತಿಯಿರುವುದರಿಂದ ಇಂತಹ ಎಂಜಿನ್‌ಗಳು ಸಾಮಾನ್ಯವಾಗಿ ಪ್ರತಿ ಲೀಟರ್ ಗಾತ್ರಕ್ಕೆ 80ರಿಂದ 100 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತವೆ. ಉದಾಹರಣೆಯ ಎಂಜಿನ್ 94ರಷ್ಟು ಕೊಡುತ್ತದೆ.

ಎಲ್ಲ ವೇಗಗಳಲ್ಲೂ ಸಿಲಿಂಡರ್ ಒಂದೇ ರೀತಿ ತುಂಬುವುದಿಲ್ಲ. ಹೀರುವ ಕವಾಟ ಪಿಸ್ಟನ್ ಕೆಳತುದಿ ಮುಟ್ಟಿದ ನಂತರವೂ ಸ್ವಲ್ಪ ಹೊತ್ತು ತೆರೆದಿರುತ್ತದೆ. ವೇಗ ಕಡಿಮೆಯಿದ್ದಾಗ, ಮೇಲೇರತೊಡಗಿದ ಪಿಸ್ಟನ್ ಒಳಬಂದ ಗಾಳಿಯಲ್ಲಿ ಒಂದಿಷ್ಟನ್ನು ಹಿಂದಕ್ಕೆ ನೂಕಿಬಿಡುತ್ತದೆ. ವೇಗ ಹೆಚ್ಚಿದಂತೆ, ಕೊಳವೆಯಲ್ಲಿ ಓಡಿಬರುವ ಗಾಳಿಯ ಜಡತ್ವವೇ ಅದನ್ನು ಒಳಕ್ಕೆ ತುಂಬುತ್ತದೆ. ವೇಗ ಇನ್ನೂ ಏರಿದರೆ ಕವಾಟ ತೆರೆದಿರುವ ಅವಧಿ ಸಾಲದು. ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಾಗ ಎದುರಾಗುವ ತಡೆಯೂ ಹೆಚ್ಚುತ್ತದೆ. ಆದ್ದರಿಂದ ಇಂತಹ ಎಂಜಿನ್ನಿನ ಟಾರ್ಕ್ ರೇಖೆ ನಡುವೇಗದಲ್ಲಿ ಗುಡ್ಡದಂತೆ ಏರಿ ಇಳಿಯುತ್ತದೆ. ಆ ಗುಡ್ಡದ ನೆತ್ತಿಯೇ 4400 ಸುತ್ತುಗಳಲ್ಲಿರುವ 113 ನ್ಯೂಟನ್ ಮೀಟರ್. ಕವಾಟ ತೆರೆಯುವ ಕಾಲವನ್ನು ವೇಗಕ್ಕೆ ತಕ್ಕಂತೆ ಬದಲಿಸುವ ಇಂದಿನ ವ್ಯವಸ್ಥೆಗಳು ಗುಡ್ಡದ ಇಳಿಜಾರನ್ನು ಕಡಿಮೆ ಮಾಡುತ್ತವೆ.

ಕಮ್ಮಾರನ ತಿದಿ ಮತ್ತು ಟರ್ಬೊ

ಕುಲುಮೆಯ ಗಾತ್ರ ಹಿಗ್ಗಿಸದೆ ಬೆಂಕಿಯ ಕಾವನ್ನು ಹೆಚ್ಚಿಸಲು ಕಮ್ಮಾರನು ತಿದಿ ಒತ್ತುತ್ತಾನೆ. ಗಾಳಿ ಹೆಚ್ಚು ಬಂದುದರಿಂದ ಅದೇ ಕುಲುಮೆಯಲ್ಲಿ, ಅದೇ ಹೊತ್ತಿನಲ್ಲಿ ಹೆಚ್ಚು ಇದ್ದಿಲು ಉರಿಯುತ್ತದೆ. ಟರ್ಬೊ ಮಾಡುವ ಕೆಲಸವೂ ಇದೇ. ವಿಶೇಷವೆಂದರೆ ಇಲ್ಲಿ ತಿದಿಯನ್ನು ಒತ್ತುವುದು ಕುಲುಮೆಯಿಂದ ಹೊರಹೋಗುವ ಬಿಸಿ ಹೊಗೆಯೇ. ನಿಷ್ಕಾಸ ಅನಿಲ ಒಂದು ಪುಟ್ಟ ಟರ್ಬೈನನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕಳುಹಿಸುತ್ತದೆ. ಕಾರಿನ ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಈ ಕಲ್ಪನೆಗೆ 1905ರಲ್ಲಿ ಪೇಟೆಂಟ್ ಪಡೆದನು.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಬಿಸಿಯಾದ ಗಾಳಿಯ ಸಾಂದ್ರತೆ ಕಡಿಮೆ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. 27 ಡಿಗ್ರಿ, ಅಂದರೆ 300 ಕೆಲ್ವಿನ್ ಉಷ್ಣತೆಯ ಗಾಳಿಯನ್ನು 1.6 ಪಟ್ಟು ಒತ್ತಡಕ್ಕೆ ಏರಿಸಿದಾಗ ಅದು 90 ಡಿಗ್ರಿ, ಅಂದರೆ 363 ಕೆಲ್ವಿನ್ ಮುಟ್ಟಿತೆನ್ನೋಣ. ಆಗ ಸಾಂದ್ರತೆ 1.6 × 300 ÷ 363, ಅಂದರೆ 1.32 ಪಟ್ಟು ಮಾತ್ರ ಆಗುತ್ತದೆ. ಅದೇ ಗಾಳಿಯನ್ನು 50 ಡಿಗ್ರಿಗೆ ತಂಪುಮಾಡಿದರೆ ಸಾಂದ್ರತೆ 1.49 ಪಟ್ಟಿಗೆ ಏರುತ್ತದೆ. ಈ ಕಾರಣದಿಂದಲೇ ಕಂಪ್ರೆಸರ್ ಮತ್ತು ಸಿಲಿಂಡರಿನ ನಡುವೆ ಇಂಟರ್‌ಕೂಲರ್ ಎಂಬ ತಂಪುಕಾರಕವನ್ನು ಇಡಲಾಗುತ್ತದೆ. ಮುಖ್ಯವಾದುದು ಒಳಸೇರುವ ಗಾಳಿಯ ತೂಕ. ಒತ್ತಡ ಅದಕ್ಕೊಂದು ಸಾಧನ.

ಫ್ರಾಂಕ್ಸ್‌ನ ಟರ್ಬೊ ಎಂಜಿನ್ ಪ್ರತಿ ಘನ ಸೆಂಟಿಮೀಟರಿಗೆ ಮಾಡುವ ಕೆಲಸ ಸಾಧಾರಣ ಎಂಜಿನ್ನಿನದಕ್ಕಿಂತ 1.57 ಪಟ್ಟು. ಎರಡೂ ಉಷ್ಣವನ್ನು ಒಂದೇ ದಕ್ಷತೆಯಿಂದ ಕೆಲಸವಾಗಿ ಮಾರ್ಪಡಿಸುತ್ತವೆ ಎಂದುಕೊಂಡರೆ, ಟರ್ಬೊ ಎಂಜಿನ್ನಿನ ಪ್ರತಿ ಲೀಟರ್ ಗಾತ್ರಕ್ಕೆ 1.18ರ ಬದಲು ಸುಮಾರು 1.85 ಗ್ರಾಂ ಗಾಳಿ ಸೇರುತ್ತಿರಬೇಕು. ಆರಂಭದ ಪ್ರಶ್ನೆಗೆ ಉತ್ತರ ಇಲ್ಲಿದೆ: ಗಾತ್ರದಲ್ಲಿ ಚಿಕ್ಕದಾದ ಎಂಜಿನ್, ಹೀರುವ ಗಾಳಿಯ ತೂಕದಲ್ಲಿ ದೊಡ್ಡದಾಗಿದೆ.

ಹಾಗಾದರೆ ಗಾಳಿಯನ್ನು ಇನ್ನೂ ಒತ್ತಿ ಟಾರ್ಕನ್ನು ಬೇಕಾದಷ್ಟು ಏರಿಸಬಹುದಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಅದಕ್ಕೆ ಅಡ್ಡಿಗಳಿವೆ. ಒತ್ತಡ, ಉಷ್ಣತೆಗಳು ಮಿತಿಮೀರಿದರೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕಿಡಿಯ ಜ್ವಾಲೆ ಬಂದು ಮುಟ್ಟುವ ಮೊದಲೇ ತಾನಾಗಿ ಸಿಡಿಯುತ್ತದೆ. ಎಂಜಿನ್ನಿನಿಂದ ಲೋಹವನ್ನು ಬಡಿದಂತಹ ಸದ್ದು ಬರುತ್ತದೆ. ಇದೇ ನಾಕಿಂಗ್. ಇದು ಮುಂದುವರಿದರೆ ಪಿಸ್ಟನ್ ಹಾಳಾಗುತ್ತದೆ. ಇದನ್ನು ತಡೆಯಲು ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸಂಪೀಡನ ಅನುಪಾತವನ್ನು ಕಡಿಮೆ ಇಡುತ್ತಾರೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮಿಸುವ ಎಂಜಿನ್‌ಗಳಲ್ಲಿ ಅದು ಆವಿಯಾಗುವಾಗ ಉಷ್ಣ ಹೀರಿಕೊಂಡು ಮಿಶ್ರಣವನ್ನು ತಂಪಾಗಿಸುತ್ತದೆ. ಬೇರಿಂಗ್, ಕ್ರ್ಯಾಂಕ್, ಕ್ಲಚ್, ಗಿಯರ್‌ಪೆಟ್ಟಿಗೆಗಳ ತಾಳಿಕೆಯೂ ಒಂದು ಮಿತಿ. ಆದ್ದರಿಂದ ಒತ್ತಡ ನಿಗದಿತ ಮಟ್ಟ ಮುಟ್ಟಿದೊಡನೆ ವೇಸ್ಟ್‌ಗೇಟ್ ಎಂಬ ಕವಾಟ ತೆರೆದು, ನಿಷ್ಕಾಸ ಅನಿಲದ ಒಂದು ಭಾಗವನ್ನು ಟರ್ಬೈನಿಗೆ ತಾಗಿಸದೆ ಹೊರಬಿಡುತ್ತದೆ. 2000ದಿಂದ 4500 ಸುತ್ತುಗಳವರೆಗೆ ಟಾರ್ಕ್ ರೇಖೆ ಹೊಲದ ಬದುವಿನಂತೆ ಮಟ್ಟಸವಾಗಿರುವುದು ಈ ನಿಯಂತ್ರಣದಿಂದ. ಅದು ವಿನ್ಯಾಸಕಾರರು ಆಯ್ದುಕೊಂಡ ಮಟ್ಟ.

ಟರ್ಬೊಗೆ ತನ್ನದೇ ಆದ ಕೊರತೆಯೂ ಇದೆ. ವೇಗ ತೀರ ಕಡಿಮೆಯಿದ್ದಾಗ ಹೊರಹೋಗುವ ಅನಿಲವೇ ಕಡಿಮೆ. ಟರ್ಬೈನ್ ಬೇಕಾದಷ್ಟು ತಿರುಗದು. ಆಕ್ಸಲರೇಟರನ್ನು ಒತ್ತಿದ ಮೇಲೆ ಟರ್ಬೈನ್ ವೇಗ ಪಡೆದುಕೊಳ್ಳುವವರೆಗೆ ಚಾಲಕ ಒಂದು ಕ್ಷಣ ಕಾಯಬೇಕಾಗುತ್ತದೆ.

ಟಾರ್ಕ್ ಮತ್ತು ಸಾಮರ್ಥ್ಯ

ಟಾರ್ಕ್ ಹೆಚ್ಚಿರುವಲ್ಲಿಯೇ ಸಾಮರ್ಥ್ಯವೂ ಗರಿಷ್ಠವಾಗಿರಬೇಕೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 9549ರಿಂದ ಭಾಗಿಸಿದರೆ ಸಾಮರ್ಥ್ಯ ಕಿಲೋವಾಟ್‌ಗಳಲ್ಲಿ ದೊರೆಯುತ್ತದೆ. ಸಾಧಾರಣ ಎಂಜಿನ್ 4400 ಸುತ್ತುಗಳಲ್ಲಿ 113 × 4400 ÷ 9549, ಅಂದರೆ ಸುಮಾರು 52 ಕಿಲೋವಾಟ್ ಕೊಡುತ್ತದೆ. ಅದರ ಗರಿಷ್ಠ ಸಾಮರ್ಥ್ಯ 66 ಕಿಲೋವಾಟ್. ಅದು ದೊರೆಯುವುದು 6000 ಸುತ್ತುಗಳಲ್ಲಿ. ಹಿಂದಿರುಗಿ ಲೆಕ್ಕ ಹಾಕಿದರೆ ಆ ವೇಗದಲ್ಲಿ ಟಾರ್ಕ್ 105 ನ್ಯೂಟನ್ ಮೀಟರಿಗೆ ಇಳಿದಿರುತ್ತದೆ. ಒಂದೊಂದು ಆವರ್ತದ ಕೆಲಸ ಕುಗ್ಗಿದರೂ ಆವರ್ತಗಳ ಸಂಖ್ಯೆ ಹೆಚ್ಚಿದುದರಿಂದ ಸಾಮರ್ಥ್ಯ ಏರಿದೆ.

ಟರ್ಬೊ ಎಂಜಿನ್ 2000 ಸುತ್ತುಗಳಲ್ಲಿಯೇ ಸುಮಾರು 31 ಕಿಲೋವಾಟ್ ಕೊಡಬಲ್ಲದು. ಸಾಧಾರಣ ಎಂಜಿನ್ ಅದೇ ವೇಗದಲ್ಲಿ ತನ್ನ ಗರಿಷ್ಠ ಟಾರ್ಕನ್ನೇ ಕೊಟ್ಟಿತೆಂದುಕೊಂಡರೂ 24 ಕಿಲೋವಾಟ್ ದಾಟದು. ಏರುದಾರಿಯಲ್ಲಿ ಒಂದು ಕಾರು ಗಿಯರ್ ಬದಲಿಸದೆ ಏರುವಾಗ ಇನ್ನೊಂದು ಕೆಳಗಿನ ಗಿಯರಿಗೆ ಇಳಿಯಬೇಕಾಗುವುದು ಇದರಿಂದಲೇ. ಗಿಯರ್ ಎಂಬುದು ಟಾರ್ಕನ್ನು ಚಕ್ರದ ಬಳಿ ಹಿಗ್ಗಿಸಿ, ಅಷ್ಟೇ ಪ್ರಮಾಣದಲ್ಲಿ ವೇಗವನ್ನು ಕುಗ್ಗಿಸುವ ಸಾಧನ. ಅದು ಸಾಮರ್ಥ್ಯವನ್ನು ಹೆಚ್ಚಿಸದು.

ಬೆಟ್ಟದ ಮೇಲಿನ ಪರೀಕ್ಷೆ

ಟಾರ್ಕನ್ನು ನಿರ್ಧರಿಸುವುದು ಗಾಳಿಯ ತೂಕವೇ ಆದರೆ, ಗಾಳಿ ತೆಳುವಾದ ಎತ್ತರದಲ್ಲಿ ಎಂಜಿನ್ ಸೊರಗಬೇಕು. 1918ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಂಜಿನಿಯರ್ ಸ್ಯಾನ್‌ಫರ್ಡ್ ಮಾಸ್ ಇದನ್ನು ಪ್ರತ್ಯಕ್ಷ ತೋರಿಸಿಕೊಟ್ಟನು. ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಸುಮಾರು 4300 ಮೀಟರ್ ಎತ್ತರಕ್ಕೆ ಸಾಗಿಸಿ ಪರೀಕ್ಷಿಸಲಾಯಿತು. ಸಮುದ್ರಮಟ್ಟದಲ್ಲಿ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಆ ಎಂಜಿನ್ ಶಿಖರದಲ್ಲಿ ಸುಮಾರು 230 ಅಶ್ವಶಕ್ತಿಗೆ ಇಳಿಯಿತು. ಅಂದರೆ ಮೂರನೆಯ ಒಂದು ಭಾಗದಷ್ಟು ನಷ್ಟ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಿರುತ್ತದೆ. ಟರ್ಬೊ ಜೋಡಿಸಿದಾಗ ಅದೇ ಶಿಖರದಲ್ಲಿ 356 ಅಶ್ವಶಕ್ತಿ ದೊರೆಯಿತು.

ಗಡಿನಾಡಿನ ಶಾಲೆಗಳಿಗೆ ಈ ಪರೀಕ್ಷೆ ದೂರದ ಕಥೆಯಾಗಬೇಕಾಗಿಲ್ಲ. ಕಾಸರಗೋಡು ಕಡಲ ದಡದಲ್ಲಿದೆ. ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿದೆ; ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇಕಡ 8ರಷ್ಟು ಕಡಿಮೆ. ಸುಮಾರು 2240 ಮೀಟರ್ ಎತ್ತರದ ಉದಕಮಂಡಲದಲ್ಲಿ ಅದು ಐದನೆಯ ಒಂದು ಭಾಗ ಕಡಿಮೆ. ಕಾಸರಗೋಡಿನಲ್ಲಿ 113 ನ್ಯೂಟನ್ ಮೀಟರ್ ಕೊಡುವ ಸಾಧಾರಣ ಎಂಜಿನ್ ಉದಕಮಂಡಲದಲ್ಲಿ ಸುಮಾರು 90 ಕೊಟ್ಟೀತು. ನೀಲಗಿರಿಯ ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ವಾಹನ ಏದುಸಿರು ಬಿಡುವುದಕ್ಕೆ ಕಡಿದಾದ ಏರು ಒಂದು ಕಾರಣವಾದರೆ, ತೆಳುವಾದ ಗಾಳಿ ಇನ್ನೊಂದು ಕಾರಣ. ಟರ್ಬೊ ಎಂಜಿನ್ನಿನಲ್ಲಿ ಕಂಪ್ರೆಸರ್ ಇನ್ನಷ್ಟು ವೇಗವಾಗಿ ತಿರುಗಿ ಈ ಕೊರತೆಯ ಬಹುಭಾಗವನ್ನು ತುಂಬಿಕೊಡುತ್ತದೆ. ತಿರುಗುವ ವೇಗಕ್ಕೂ ಮಿತಿಯಿರುವುದರಿಂದ ಎತ್ತರ ಬಹಳ ಹೆಚ್ಚಿದರೆ ಅದೂ ಸೋಲುತ್ತದೆ.

ತರಗತಿಯಲ್ಲಿ

ಗಾಳಿಯನ್ನು ಒತ್ತಿದರೆ ಬಿಸಿಯಾಗುವುದನ್ನು ಸೈಕಲ್ ಪಂಪಿನಿಂದಲೇ ತೋರಿಸಬಹುದು. ಟಯರಿಗೆ ಗಾಳಿ ತುಂಬಿದ ಬಳಿಕ ಪಂಪಿನ ಬುಡವನ್ನು ಮುಟ್ಟಿ ನೋಡಿದರೆ ಕಾವು ತಿಳಿಯುತ್ತದೆ. ವಿದ್ಯಾರ್ಥಿಗಳು ತಮಗೆ ದೊರೆತ ಕಾರು, ಬೈಕುಗಳ ವಿವರಪತ್ರಗಳಿಂದ ಟಾರ್ಕ್ ಮತ್ತು ಗಾತ್ರಗಳನ್ನು ಬರೆದುಕೊಂಡು, ಪ್ರತಿ ಲೀಟರಿಗೆ ಎಷ್ಟು ಟಾರ್ಕ್ ಎಂದು ಲೆಕ್ಕ ಹಾಕಲಿ. ಪೆಟ್ರೋಲ್ ಎಂಜಿನ್‌ಗಳ ಪಟ್ಟಿಯಲ್ಲಿ 100ರ ಆಸುಪಾಸಿನಲ್ಲಿ ನಿಲ್ಲುವ ಗುಂಪು ಮತ್ತು 150ರ ಸುತ್ತ ಅಥವಾ ಅದರಾಚೆ ಇರುವ ಗುಂಪು ಬೇರೆಬೇರೆಯಾಗಿ ಕಾಣುತ್ತವೆ. ಹೆಸರು ನೋಡದೆ ಯಾವುದರಲ್ಲಿ ಟರ್ಬೊ ಇದೆಯೆಂದು ಅವರೇ ಹೇಳಬಲ್ಲರು.

ಕೆಲವು ಗ್ಯಾರೇಜುಗಳಲ್ಲಿ ಎಂಜಿನ್ ನಿಯಂತ್ರಕವನ್ನು ಬದಲಿಸಿ ಟರ್ಬೊದ ಒತ್ತಡವನ್ನು ಏರಿಸಿಕೊಡುವ ರೂಢಿಯಿದೆ. ಪ್ರಾಯಕ್ಕೆ ಬಂದ ಹುಡುಗರಿಗೆ ಅದರ ಆಕರ್ಷಣೆ ಸಹಜ. ಹೆಚ್ಚಿನ ಟಾರ್ಕ್ ಎಲ್ಲಿಂದ ಬರುತ್ತದೆ, ನಾಕಿಂಗ್ ಏಕೆ ಉಂಟಾಗುತ್ತದೆ, ಯಾವ ಭಾಗಗಳು ಆ ಭಾರವನ್ನು ಹೊರಬೇಕಾಗುತ್ತದೆ ಎಂಬ ವಿವೇಚನೆ ಶಾಲೆಯಲ್ಲಿಯೇ ದೊರೆತರೆ ಅವರು ಯೋಚಿಸಿ ಮುಂದುವರಿಯುತ್ತಾರೆ.

ಪದಬಳಕೆಯ ಬಗ್ಗೆ ಒಂದು ಸೂಚನೆ ಅಗತ್ಯ. ಈ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ಕಿನಲ್ಲಿ ಇಂಗ್ಲಿಷಿನಲ್ಲೋ ಆಯಾ ರಾಜ್ಯದ ಭಾಷೆಯಲ್ಲೋ ಕಲಿಯಬೇಕಾಗುತ್ತದೆ. ಅಲ್ಲಿಯೂ ಟಾರ್ಕ್, ಪಿಸ್ಟನ್, ಕ್ರ್ಯಾಂಕ್, ಟರ್ಬೊ ಎಂಬ ಹೆಸರುಗಳು ಹಾಗೆಯೇ ಇರುತ್ತವೆ. ಆದ್ದರಿಂದ ಹೆಸರುಗಳನ್ನು ಬಳಕೆಯಲ್ಲಿರುವಂತೆ ಉಳಿಸಿಕೊಂಡು, ಒತ್ತಡ, ಸಾಂದ್ರತೆ, ಕೆಲಸ, ಸಾಮರ್ಥ್ಯಗಳ ವಿವರಣೆಯನ್ನು ಕನ್ನಡದಲ್ಲಿ ಪೂರ್ಣವಾಗಿ ನೀಡುವುದು ಉಚಿತ. ಲೆಕ್ಕವನ್ನು ಒಮ್ಮೆ ತಾಯ್ನುಡಿಯಲ್ಲಿ ಅರ್ಥಮಾಡಿಕೊಂಡ ವಿದ್ಯಾರ್ಥಿಗೆ ಅದನ್ನು ಇನ್ನೊಂದು ಭಾಷೆಯಲ್ಲಿ ಬರೆಯುವುದು ಕಷ್ಟವಾಗದು.